ತಪ್ಪಿದವರ ದಾರಿ

ಕಿಯುಮರ್ಸ್ ಗರಕಾನಿಯವರನ್ನು ಬೀದಿಯಲ್ಲಿ ಯಾರಾದರೂ ಹಿಂದಿನಿಂದ ಕೂಗಿದರೆ ಅವರು ಎಲ್ಲರಂತೆ ನಿಂತು ತಿರುಗಿ ನೋಡುತ್ತಿರಲಿಲ್ಲ. ಕೂಗು ಕೇಳಿಸಿತೆಂಬುದಕ್ಕೆ ಗುರುತಾಗಿ ಎಡಗೈಯನ್ನು ತುಸು ಎತ್ತಿ, ಅದೇ ವೇಗದಲ್ಲಿ ಮುಂದೆ ನಡೆದು, ಮೊದಲು ಸಿಕ್ಕಿದ ಚಿನಾರ್ ಮರಕ್ಕೋ ದೀಪದ ಕಂಬಕ್ಕೋ ಒಂದು ಪೂರ್ಣ ಸುತ್ತು ಹಾಕಿ, ಆಮೇಲೆ ನಮ್ಮತ್ತ ಮುಖ ಮಾಡಿಕೊಂಡು ಬರುತ್ತಿದ್ದರು. ಅವಸರದ ಕೆಲಸವಿದ್ದಾಗ ಈ ಪ್ರದಕ್ಷಿಣೆ ನನಗೆ ಸಿಟ್ಟು ತರಿಸುತ್ತಿತ್ತು. ಅವರ ಅಕ್ಕ ಇಫ್ಫತ್, ನನ್ನ ಶಾಲೆಯ ದಿನಗಳ ಗೆಳತಿ, ನಗುತ್ತಿದ್ದಳು. “ಇವನನ್ನ ಮಾಡುವಾಗ ದೇವರು ರಿವರ್ಸ್ ಗೇರ್ ಹಾಕೋದನ್ನೇ ಮರೆತುಬಿಟ್ಟ ಕಣೆ” ಎನ್ನುತ್ತಿದ್ದಳು.

ಟೆಹರಾನಿನಲ್ಲಿ ಸೌತೆಕಾಯಿ ಕೊಳ್ಳಲು ಹೋದ ಗಂಡಸನ್ನೆಲ್ಲ ಅಂಗಡಿಯವರು ‘ಮೊಹಂದೆಸ್’, ಅಂದರೆ ಇಂಜಿನಿಯರರೇ, ಎಂದು ಕರೆಯುತ್ತಾರೆ. ಗರಕಾನಿಯವರು ನಿಜವಾಗಿಯೂ ಇಂಜಿನಿಯರರು; ನನ್ನನ್ನು ಅವರು ‘ಡಾಕ್ಟರ್ ಖಾನಮ್’, ಅಂದರೆ ಡಾಕ್ಟರಮ್ಮ, ಎನ್ನುತ್ತಿದ್ದುದೂ ನನ್ನ ನಿಜವಾದ ಪಿಎಚ್‌ಡಿಯಿಂದಲೇ. ನಗರದ ಹೆದ್ದಾರಿಗಳ ಕೂಡುರಸ್ತೆಗಳಲ್ಲಿ ಯಾವ ರ‍್ಯಾಂಪ್ ಎಲ್ಲಿ ಏರಬೇಕು, ಯಾವುದು ಎಲ್ಲಿ ಇಳಿಯಬೇಕು, ಅದನ್ನು ತಿಳಿಸುವ ಫಲಕ ಎಷ್ಟು ಮೊದಲೇ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ಮರಳಿನ ಬಣ್ಣದ ಒಂದು ಮಳೆಕೋಟು ಅವರಿಗಿತ್ತು. ಅದರ ತೋಳಿನ ಅಂಚುಗಳಿಗೆ, ಫಲಕಗಳಿಗೆ ಹಚ್ಚುವ ಹೊಳೆಯುವ ಹಾಳೆಯ ಪಟ್ಟಿಗಳನ್ನು ಇಫ್ಫತ್ ತನ್ನ ಕೈಯಿಂದಲೇ ಹೊಲಿದುಕೊಟ್ಟಿದ್ದಳು. ರಸ್ತೆಯ ನಡುವೆ ನಿಂತು ತಲೆಯೆತ್ತಿ ಫಲಕ ನೋಡುವ ತಮ್ಮನನ್ನು ಮುಸ್ಸಂಜೆಯಲ್ಲಿ ಯಾವ ಲಾರಿಯೂ ಹೊಡೆದುಕೊಂಡು ಹೋಗಬಾರದೆಂದು. ಆ ಕೋಟನ್ನು ಅವರು ಮದುವೆಗೂ ಹಾಕಿಕೊಂಡು ಬರುತ್ತಿದ್ದರು, ಮಣ್ಣಿಗೂ ಹಾಕಿಕೊಂಡು ಬರುತ್ತಿದ್ದರು.

ಯಾವ ಮಾತನ್ನಾದರೂ ಮೂರು ಸಲ ಹೇಳಬೇಕೆಂಬುದು ಅವರ ಸಿದ್ಧಾಂತ. ಮೊದಲನೆಯ ಫಲಕ ದೂರದಲ್ಲಿ, ಮನಸ್ಸನ್ನು ಎಚ್ಚರಿಸುವುದಕ್ಕೆ. ಎರಡನೆಯದು ಸಾಲು ಬದಲಿಸುವುದಕ್ಕೆ. ಮೂರನೆಯದು ತಿರುವಿನ ಬಾಯಲ್ಲಿ, ತಿರುಗುವುದಕ್ಕೆ. ಮನೆಗಳಲ್ಲಿಯೂ ಅವರು ಹಾಗೆಯೇ ನಡೆದುಕೊಳ್ಳುತ್ತಿದ್ದರು. ನಮ್ಮಲ್ಲಿ ಬೀಳ್ಕೊಡುವುದೆಂದರೆ ಬಾಗಿಲಲ್ಲಿ ನಿಂತು, ಇನ್ನೊಂದು ಚಹಾ ಎಂದು ಇವರು, ಬೇಡ ಎಂದು ಅವರು, ಚಪ್ಪಲಿ ಹಾಕಿ ತೆಗೆದು ಮತ್ತೆ ಹಾಕುವಷ್ಟರಲ್ಲಿ ಅರ್ಧ ಸಂಜೆ ಕಳೆಯುವ ವ್ಯವಹಾರ. ಗರಕಾನಿಯವರು ಊಟದ ನಡುವೆ “ಇನ್ನು ಸ್ವಲ್ಪ ಹೊತ್ತಿಗೆ ಹೊರಡ್ತೀನಿ” ಎನ್ನುವರು. ಹಣ್ಣು ಬಂದಾಗ “ಹೊರಡೋ ಹೊತ್ತು ಹತ್ತಿರ ಬಂತು” ಎನ್ನುವರು. ಆಮೇಲೆ “ಹೊರಟೆ” ಎಂದು ಎದ್ದು ಹೊರಟೇಬಿಡುವರು. ಮನೆಯೊಡತಿ ಕೈಯಲ್ಲಿ ಚಹಾದ ಲೋಟ ಹಿಡಿದು ಖಾಲಿ ಬಾಗಿಲಿಗೆ ಉಪಚಾರ ಹೇಳುವುದನ್ನು ನಾನೇ ನೋಡಿದ್ದೇನೆ.

ಫಲಕದ ಅಕ್ಷರ ಎಷ್ಟು ದೊಡ್ಡದಿರಬೇಕೆಂಬುದಕ್ಕೆ ಪುಸ್ತಕಗಳಲ್ಲಿ ಲೆಕ್ಕವಿದೆ. ಅವರಿಗೆ ಅದು ಸಾಲದು. ಇಫ್ಫತ್‌ಗೆ ದೂರದ್ದು ಕಾಣುತ್ತಿರಲಿಲ್ಲ. ಕನ್ನಡಕ ಹಾಕಿದರೆ ಮುದುಕಿಯಾಗಿ ಕಾಣುತ್ತೇನೆಂದು ಹಾಕುತ್ತಲೂ ಇರಲಿಲ್ಲ. ಅವಳನ್ನು ತಮ್ಮ ಬಿಳಿಯ ಪೈಕಾನ್ ಕಾರಿನಲ್ಲಿ ಮುಂದೆ ಕೂರಿಸಿಕೊಂಡು, ಹೊಸ ಫಲಕದತ್ತ ವೇಗವಾಗಿ ಓಡಿಸಿ, “ಓದಕ್ಕ” ಎನ್ನುವರು. ಅವಳು ತಡವರಿಸಿದರೆ ಫಲಕ ಇಳಿಯುತ್ತಿತ್ತು, ಅಕ್ಷರ ಬೆಳೆಯುತ್ತಿತ್ತು. “ಈ ಊರಿನ ಬೋರ್ಡೆಲ್ಲ ನನ್ನ ಕಣ್ಣಿನ ಅಳತೆಗೇ ಬರೆದಿದ್ದು” ಎಂದು ಇಫ್ಫತ್ ಹೆಮ್ಮೆಪಡುತ್ತಿದ್ದಳು. ಆ ಹೆಮ್ಮೆ ಸುಳ್ಳಾಗಿರಲಿಲ್ಲ.

ನಗರದ ಪಶ್ಚಿಮದಲ್ಲಿ ಎರಡು ಹೆದ್ದಾರಿಗಳು ಒಂದನ್ನೊಂದು ದಾಟುವ ಕಡೆ ಆಗ ಹೊಸ ಕೂಡುರಸ್ತೆ ಕಟ್ಟುತ್ತಿದ್ದರು. ರ‍್ಯಾಂಪುಗಳು ಒಂದರ ಮೇಲೊಂದು ಹೆಣೆದುಕೊಂಡು ನಮ್ಮ ಶಾವಿಗೆಯ ಗಂಜಿ ‘ಆಶ್’ನಂತೆ ಕಂಡದ್ದರಿಂದ ಟ್ಯಾಕ್ಸಿಯವರು ಅದನ್ನು ‘ಆಶ್ ಬೋಗುಣಿ’ ಎಂದೇ ಕರೆದರು, ಈಗಲೂ ಹಾಗೆಯೇ ಕರೆಯುತ್ತಾರೆ. ಅದರ ಮಗ್ಗುಲಲ್ಲೇ ಗರಕಾನಿಯವರ ತಂದೆ ಬಿಟ್ಟುಹೋದ ತೋಟವಿತ್ತು. ತಂದೆಯ ಕೊನೆಗಾಲವನ್ನು ನೋಡಿಕೊಂಡವಳು ಇಫ್ಫತ್ ಆದ್ದರಿಂದ ತಮ್ಮ ಅದನ್ನು ಸಂತೋಷದಿಂದಲೇ ಅವಳಿಗೆ ಬಿಟ್ಟುಕೊಟ್ಟಿದ್ದರು. ತೋಟದ ನಡುವೆ ಒಂದು ಮುದಿ ಹಿಪ್ಪುನೇರಳೆ ಮರ. ಬೇಸಿಗೆಯ ಮೊದಲಿಗೆ ಅದರ ಕೆಳಗೆ ಬಿಳಿಯ ಬಟ್ಟೆಯ ತುದಿಗಳನ್ನು ಹಿಡಿದು ನಾವು ನಿಲ್ಲುವುದು, ಯಾರಾದರೂ ಮೇಲೆ ಹತ್ತಿ ಕೊಂಬೆಯನ್ನು ಕಾಲಿನಿಂದ ಅಲುಗಿಸುವುದು, ಬಿಳಿ ಹಣ್ಣು ಆಲಿಕಲ್ಲಿನಂತೆ ಬೀಳುವುದು. ಚಿಕ್ಕಂದಿನಲ್ಲಿ ಹತ್ತುತ್ತಿದ್ದವರು ಕಿಯುಮರ್ಸ್.

ಹೆದ್ದಾರಿಯಲ್ಲಿ ತನ್ನ ತಿರುವನ್ನು ತಪ್ಪಿಸಿಕೊಂಡವನು ಏನು ಮಾಡಬೇಕು ಎಂಬ ಪ್ರಶ್ನೆ ಅವರನ್ನು ಸದಾ ಕಾಡುತ್ತಿತ್ತು. ನಮ್ಮೂರಿನವರು ಇದಕ್ಕೆ ಉತ್ತರವನ್ನು ಎಂದೋ ಕಂಡುಕೊಂಡಿದ್ದಾರೆ: ಅಪಾಯದ ದೀಪ ಮಿನುಗಿಸಿ, ರಸ್ತೆಯ ಅಂಚಿಗೆ ಸರಿದು, ಕತ್ತು ಹೊರಳಿಸಿ, ಬರುವ ಲಾರಿಗಳ ಮುಖಕ್ಕೇ ಕಾರನ್ನು ಹಿಂದುಹಿಂದಾಗಿ ಓಡಿಸಿಕೊಂಡು ತಿರುವಿಗೆ ಬಂದು ಸೇರುತ್ತಾರೆ. ಪ್ರಾಧ್ಯಾಪಕರು, ವೈದ್ಯರು, ಮದುವಣಗಿತ್ತಿಯನ್ನು ಕೂರಿಸಿಕೊಂಡ ಹೂವಿನ ಕಾರಿನವರು, ಎಲ್ಲರೂ. ಗರಕಾನಿಯವರಿಗೆ ಇದು ಅಜ್ಞಾನವಾಗಿ ಕಾಣಲಿಲ್ಲ, ಅನ್ಯಾಯವಾಗಿ ಕಂಡಿತು. ತಪ್ಪಿದವನಿಗೆ ಮುಂದೆ ದಾರಿಯಿಲ್ಲದ್ದರಿಂದ ಅವನು ಹಿಂದಕ್ಕೆ ಬರುತ್ತಾನೆ. ದಾರಿ ಕೊಡುವುದು ಕಟ್ಟುವವನ ಕರ್ತವ್ಯ. ಆದ್ದರಿಂದ ಆಶ್ ಬೋಗುಣಿಯಲ್ಲಿ, ತಿರುವು ತಪ್ಪಿದವರಿಗಾಗಿಯೇ, ಸ್ವಲ್ಪ ಮುಂದೆ ಒಂದು ಸುತ್ತು ರ‍್ಯಾಂಪ್ ಬರೆದರು. ಅದು ಇಫ್ಫತ್‌ಳ ತೋಟದ ಮೇಲೆ ಬಂತು.

ಅಕ್ಕನಿಗೆ ಅವರು ಇದನ್ನೂ ಮೂರು ಸಲ ಹೇಳಿದರು. ಚಳಿಗಾಲದಲ್ಲಿ ಒಮ್ಮೆ, ವಸಂತದಲ್ಲಿ ಬರುವ ಹೊಸ ವರ್ಷದ ಹಬ್ಬದ ಮುಂಚೆ ಒಮ್ಮೆ. ಎರಡು ಸಲವೂ ಅವಳು ತಮಾಷೆಯೆಂದುಕೊಂಡಳು. ಮೂರನೆಯ ಸಲ ನಾವು ಮರದ ಕೆಳಗೆ ಬಟ್ಟೆ ಹಿಡಿದು ನಿಂತಿದ್ದೆವು.

“ಎದುರುಗಡೆ ಬರೀ ಕಲ್ಲುಗುಡ್ಡ ಇದೆಯಲ್ಲೋ ಕಿಯು. ಅಲ್ಲಿ ಹಾಕು” ಎಂದಳು.

“ಅಲ್ಲಿ ಹಾಕಿದ್ರೆ ಸುತ್ತು ಬಿಗಿ ಆಗುತ್ತಕ್ಕ. ಜೋರಾಗಿ ಬಂದವನ ಕಾರು ಮಗುಚುತ್ತೆ.”

“ಹಾಗಾದ್ರೆ ಬಿಟ್ಟೇಬಿಡು. ತಪ್ಪಿದವನು ರಿವರ್ಸ್ ತಗೋತಾನೆ. ನಮ್ಮಪ್ಪ ತಗೋತಿರಲಿಲ್ವಾ?”

“ದಾರಿ ಇಲ್ಲ ಅಂತ ತಗೋತಾರೆ. ದಾರಿ ಕೊಟ್ರೆ ಯಾಕೆ ತಗೋತಾರೆ?”

“ಅಭ್ಯಾಸ ಕಣೋ ಅದು. ನಿನ್ನ ನಕ್ಷೆ ನೋಡಿ ಬಿಡ್ತಾರಾ?”

ಗರಕಾನಿಯವರು ಕೋಟಿನ ತೋಳನ್ನು ಎಳೆದುಕೊಂಡರು. ಉತ್ತರ ಹೊಳೆಯದಿದ್ದಾಗ ಹಾಗೆ ಮಾಡುವರು. “ಅಕ್ಕನ ತೋಟ ಅಂತ ಕೈಬಿಟ್ರೆ, ನಾಳೆ ಇನ್ನೊಬ್ಬರ ಮನೆ ಕೆಡವೋಕೆ ನನಗೆ ಯಾವ ಮುಖ ಇರುತ್ತೆ?”

ಇಫ್ಫತ್ ನನ್ನ ಕಡೆ ತಿರುಗಿ “ಬಟ್ಟೆ ಮಡಚೆ” ಎಂದಳು. ಮಡಚಿದೆವು. ಆಮೇಲೆ ತಮ್ಮನಿಗೆ ಹೇಳಿದಳು: “ನಿನ್ನ ಬೋರ್ಡು ಓದೋಕೆ ಇನ್ನು ಬೇರೆ ಯಾರದಾದ್ರೂ ಕಣ್ಣು ಹುಡುಕಿಕೋ.”

ರ‍್ಯಾಂಪ್ ಆಯಿತು. ‘ಹಿಂದಿರುಗುವ ದಾರಿ’ ಎಂಬ ಫಲಕ ನಿಂತಿತು. ಯಾರೂ ಹಿಂದಿರುಗಲಿಲ್ಲ. ತಿರುವು ತಪ್ಪಿದ ಕಾರುಗಳು ಫಲಕದ ಬುಡದಲ್ಲೇ ನಿಂತು, ದೀಪ ಮಿನುಗಿಸಿ, ಎಂದಿನಂತೆ ಹಿಂದುಹಿಂದಾಗಿ ಹೊರಟವು. ಗರಕಾನಿಯವರು ಬಾಣದ ಗುರುತನ್ನು ದೊಡ್ಡದು ಮಾಡಿಸಿದರು. ಇನ್ನೊಂದು ಫಲಕ ನೆಡಿಸಿದರು. ಚಾಲಕರು ಆ ಹೊಸ ಕಂಬವನ್ನು ರಿವರ್ಸ್ ತೆಗೆದುಕೊಳ್ಳುವಾಗ ಅಂದಾಜಿಗೆ ಬಳಸತೊಡಗಿದರು.

ಇಫ್ಫತ್ ನಗರದ ಇನ್ನೊಂದು ಬದಿಯ ಅಪಾರ್ಟ್‌ಮೆಂಟಿಗೆ ಹೋದಳು. ಬಾಡಿಗೆ ಟ್ಯಾಕ್ಸಿಯಲ್ಲಿ ಆ ಕಡೆ ಹೋಗಬೇಕಾದಾಗ ಆಶ್ ಬೋಗುಣಿ ಬಂದೊಡನೆ ಕಣ್ಣು ಮುಚ್ಚಿಕೊಳ್ಳುವಳು. ಉಳಿದ ಕಡೆ ಎಷ್ಟು ಬೇಡವೆಂದರೂ ತಮ್ಮನ ಅಕ್ಷರಗಳು ಅವಳ ಕಣ್ಣಿಗೆ ಸಲೀಸಾಗಿ ಬಂದು ಬೀಳುತ್ತಿದ್ದವು. ಹೊಸ ವರ್ಷದ ಮೊದಲ ದಿನ ಕಿರಿಯರು ಹಿರಿಯರ ಮನೆಗೆ ಹೋಗಬೇಕಷ್ಟೆ. ಪ್ರತಿ ವರ್ಷ ಗರಕಾನಿಯವರು ಸುಂಬುಲ್ ಹೂವಿನ ಒಂದು ಕುಂಡ ಹಿಡಿದು ಅವಳ ಕಟ್ಟಡದ ಕೆಳಗೆ ನಿಂತು ಗಂಟೆ ಒತ್ತುತ್ತಿದ್ದರು. ಗೋಡೆಯ ಸ್ಪೀಕರಿನಿಂದ ಇಫ್ಫತ್‌ಳದೇ ದನಿ ಬರುತ್ತಿತ್ತು: “ಮನೇಲಿ ಯಾರೂ ಇಲ್ಲ.” ಇವರು “ಹೊಸ ವರ್ಷ ಒಳ್ಳೇದಾಗಲಿ ಅಕ್ಕ” ಎಂದು ಸ್ಪೀಕರಿಗೆ ಹೇಳಿ, ಕುಂಡವನ್ನು ಮೆಟ್ಟಿಲ ಮೇಲಿಟ್ಟು, ಕಟ್ಟಡಕ್ಕೆ ಒಂದು ಸುತ್ತು ಹಾಕಿ ಹೋಗುವರು. ಕುಂಡವನ್ನು ಅವಳು ಒಳಗೆ ತೆಗೆದುಕೊಳ್ಳುತ್ತಿದ್ದಳು. ಅದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಬಾರದೆಂದು ಅವಳು ಮಾತು ತೆಗೆದುಕೊಂಡಿದ್ದಳು.

ಹೀಗೆ ಇಬ್ಬರ ಕೂದಲೂ ಬೆಳ್ಳಗಾಯಿತು. ಇಫ್ಫತ್‌ಳ ಹೃದಯ ಕೆಟ್ಟಿತು. ಶಸ್ತ್ರಚಿಕಿತ್ಸೆಯ ದಿನ ಅವಳ ಮಗಳು ಮಹ್‌ರೋಖ್ ನನಗೆ ಫೋನ್ ಮಾಡಿದಳು. “ಚಿಕ್ಕಮ್ಮ, ಮಾವನ್ನ ಕರ್ಕೊಂಡು ಬನ್ನಿ. ಅಮ್ಮ ಬೆಳಗ್ಗೆಯಿಂದ ಒಂದೇ ಸಮ ಹೇಳ್ತಿದ್ದಾಳೆ, ಕಿಯುಗೆ ಒಂದು ಮಾತು ಹೇಳೋದಿದೆ ಅಂತ. ಮಧ್ಯಾಹ್ನ ಒಳಗೆ ಕರ್ಕೊಂಡು ಹೋಗ್ತಾರೆ.”

ಗರಕಾನಿಯವರು ಕೋಟು ಹಾಕಿಕೊಂಡು ಬಂದರು. ತೋಳಿನ ಪಟ್ಟಿ ಸುಲಿದು ದಾರ ಇಳಿಬಿದ್ದಿತ್ತು. ಕಾರು ಓಡಿಸುವಾಗ ದಾರಿಯ ಫಲಕಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಗುಣದೋಷ ಹೇಳುವುದು ಅವರ ರೂಢಿ. ಆ ದಿನ ಒಂದನ್ನೂ ಓದಲಿಲ್ಲ. ಆಸ್ಪತ್ರೆಯ ಹೆಸರನ್ನು ಆಶ್ ಬೋಗುಣಿಯ ಫಲಕಗಳು ದೂರದಲ್ಲಿ ಹೇಳಿದವು, ಹತ್ತಿರದಲ್ಲಿ ಹೇಳಿದವು, ತಿರುವಿನ ಬಾಯಲ್ಲಿ ಹೇಳಿದವು. ನನಗೆ ಇವರ ಮೇಲಿದ್ದ ನಂಬಿಕೆಯಿಂದ ನಾನು ಬಾಯಿ ಬಿಡಲಿಲ್ಲ. ತಿರುವು ದಾಟಿಹೋಯಿತು.

ಅವರು ಕಾರನ್ನು ಅಂಚಿಗೆ ನಿಲ್ಲಿಸಿದರು. “ಬೋರ್ಡಿನ ತಪ್ಪಲ್ಲ ಡಾಕ್ಟರ್ ಖಾನಮ್” ಎಂದರು. “ನಾನೇ ನೋಡಲಿಲ್ಲ.”

“ಹಿಂದಕ್ಕೆ ತಗೊಳ್ಳಿ” ಎಂದೆ.

ನಮ್ಮ ಪಕ್ಕದಲ್ಲೇ ಒಂದು ಟ್ಯಾಕ್ಸಿ ಹಿಂದುಹಿಂದಾಗಿ ಬಂದಿತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿದ. “ತಿರುವು ಹೋಯ್ತಾ ಹಾಜಿ? ನನ್ನ ಹಿಂದೇನೇ ಬಾ, ಅಂಜಬೇಡ. ಅಮ್ಮಾವ್ರೇ, ಆ ಕಡೆ ಕಿಟಕಿಯಿಂದ ಕೈ ಬೀಸ್ತಾ ಇರಿ, ಲಾರಿಯವ್ರು ಹೆಂಗಸರಿಗೆ ಮರ್ಯಾದೆ ಕೊಡ್ತಾರೆ.”

“ಮುಂದೆ ದಾರಿ ಇದೆ” ಎಂದರು ಗರಕಾನಿ.

“ಮುಂದೆ ಏನಿದೆ? ಸೀದಾ ಕಜ್ವೀನ್ ಊರೇ ಇದೆ” ಎಂದು ನಕ್ಕು ಅವನು ಹಿಂದಕ್ಕೆ ಸರಿದು ಹೋದ; ನಾನು ಕನ್ನಡಿಯಲ್ಲಿ ನೋಡುತ್ತಿದ್ದಂತೆ ತಿರುವಿಗೆ ಸೇರಿಯೂಬಿಟ್ಟ.

“ಹೊತ್ತಾಗುತ್ತೆ, ಅವಳು ಕಾಯ್ತಿದ್ದಾಳೆ” ಎಂದೆ ನಾನು. ಅವರ ಕೈ ಗೇರಿನ ಮೇಲಿತ್ತು. ಹಿಂದಕ್ಕೆ ತೆಗೆದುಕೊಂಡರೆ ಆ ರ‍್ಯಾಂಪ್ ಯಾರಿಗೂ ಬೇಕಿರಲಿಲ್ಲವೆಂದು, ಕಟ್ಟಿದವನಿಗೂ ಬೇಕಾಗಲಿಲ್ಲವೆಂದು, ತೋಟ ಸುಮ್ಮನೆ ಹೋಯಿತೆಂದು ಒಪ್ಪಿಕೊಂಡಂತೆ. ಇಷ್ಟನ್ನು ತಿಳಿಯಲು ಪಾಂಡಿತ್ಯ ಬೇಕಿಲ್ಲ. ಅವರು ಕಾರನ್ನು ಮುಂದಕ್ಕೆ ಬಿಟ್ಟರು.

ಸುತ್ತು ರ‍್ಯಾಂಪಿನಲ್ಲಿ ಒಂದು ಕಾರೂ ಇರಲಿಲ್ಲ. ನಡುವಿನ ಹುಲ್ಲಿನ ಮೇಲೆ ಒಂದು ಕುಟುಂಬ ಜಮಖಾನ ಹಾಸಿ ಚಹಾ ಕಾಯಿಸುತ್ತಿತ್ತು. ಇಬ್ಬರು ಹುಡುಗಿಯರು ಡಾಂಬರಿನ ಮೇಲೆ ಬ್ಯಾಡ್ಮಿಂಟನ್ ಆಡುತ್ತಿದ್ದರು. ತಮ್ಮ ಮನೆಯ ಅಂಗಳಕ್ಕೇ ಕಾರು ನುಗ್ಗಿತೆಂಬಂತೆ ನಮ್ಮನ್ನು ಬೆರಗಿನಿಂದ ನೋಡಿ ನಿಧಾನವಾಗಿ ಪಕ್ಕಕ್ಕೆ ಸರಿದರು. ಸುತ್ತು ಬಹಳ ಹದವಾಗಿತ್ತು, ಮೈ ಒಂದಿಷ್ಟೂ ವಾಲಲಿಲ್ಲ. ಆದರೆ ಅದು ಹೋಗಿ ಸೇರುವ ಹೆದ್ದಾರಿ ಕಿಕ್ಕಿರಿದಿತ್ತು. ಅಲ್ಲಿ ನಾವು ಸಿಕ್ಕಿಕೊಂಡೆವು.

ಆಸ್ಪತ್ರೆ ಮುಟ್ಟಿದಾಗ ಇಫ್ಫತ್‌ಳನ್ನು ತಳ್ಳುಮಂಚದ ಮೇಲೆ ಕಾರಿಡಾರಿಗೆ ತಂದಾಗಿತ್ತು. ಮಗಳ ಕೈಯಿಂದ ಕೂದಲು ಬಾಚಿಸಿಕೊಂಡಿದ್ದಳು. ತಮ್ಮನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಯಾಕೋ ತಡ?”

“ತಿರುವು ತಪ್ಪಿದೆ ಅಕ್ಕ.”

“ರಿವರ್ಸ್ ತಗೋಬಾರದಿತ್ತಾ?” ಎಂದಳು, ಮತ್ತೆ ತಾನೇ, “ನೀನೆಲ್ಲಿ ತಗೋತೀಯ. ಯಾವ ಕಡೆಯಿಂದ ಬಂದೆ?”

“ನಿನ್ನ ತೋಟದ ಮೇಲಿಂದ.”

“ಬೇರೆ ಯಾರಾದ್ರೂ ಇದ್ರಾ ಅಲ್ಲಿ?”

ಆ ಒಂದು ಗಳಿಗೆ ಅವರು ಸುಳ್ಳು ಹೇಳಲೆಂದು ನಾನು ಬಯಸಿದೆ. ಅವರು ಕೋಟಿನ ತೋಳನ್ನು ಎಳೆದುಕೊಂಡರು. “ಕಾರು ಯಾವುದೂ ಇರಲಿಲ್ಲ. ಇಬ್ಬರು ಹುಡುಗೀರು ಆಟ ಆಡ್ತಿದ್ರು.”

“ಹಾಗಾದ್ರೆ ಮರ ಇರಬಹುದಿತ್ತು” ಎಂದಳು ಇಫ್ಫತ್. ದನಿಯಲ್ಲಿ ಜಗಳವಿರಲಿಲ್ಲ. ಕೈ ಚಾಚಿ ಅವರ ತೋಳಿನಿಂದ ಇಳಿಬಿದ್ದ ದಾರವನ್ನು ಹಿಡಿದಳು. ಅಷ್ಟರಲ್ಲಿ ಮಂಚ ತಳ್ಳುವವನು “ದಾರಿ ಬಿಡಿ ಮೊಹಂದೆಸ್” ಎಂದ. ಬಾಗಿಲು ಮುಚ್ಚಿತು. ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ.

ಅವಳು ಹೇಳಬೇಕೆಂದಿದ್ದ ಮಾತು ಅದೇ ಆಗಿತ್ತೋ ಬೇರೆಯದಿತ್ತೋ, ಮಹ್‌ರೋಖ್‌ಗೂ ತಿಳಿಯದು. ಗರಕಾನಿಯವರು ಆಮೇಲೂ ಕೆಲವು ವರ್ಷ ಬದುಕಿದರು. ಆ ಕಡೆ ಹೋಗುವಾಗಲೆಲ್ಲ ತಮ್ಮ ತಿರುವನ್ನು ಬೇಕೆಂದೇ ಬಿಟ್ಟು, ಮುಂದೆ ಹೋಗಿ, ಸುತ್ತು ರ‍್ಯಾಂಪನ್ನು ಬಳಸಿಯೇ ಬರುತ್ತಿದ್ದರು. “ನಿಮ್ಮ ಮೊಹಂದೆಸ್‌ಗೆ ಮರೆವು ಬಂತು ಖಾನಮ್, ದಿನಾ ತಿರುವು ತಪ್ತಾರೆ” ಎಂದು ನಮ್ಮ ಬೀದಿಯ ಟ್ಯಾಕ್ಸಿಯವನು ನನಗೆ ಕನಿಕರದಿಂದ ಹೇಳಿದ್ದ. ನಾನು ತಿದ್ದಲಿಲ್ಲ, ಅವರಂತೂ ತಿದ್ದುವವರಲ್ಲ. ತಾವು ಕಡಿಸಿದ ತೋಟಕ್ಕೆ ಒಬ್ಬ ಪ್ರಯಾಣಿಕನನ್ನಾದರೂ ಒದಗಿಸುವುದು, ಅಷ್ಟೇ ಅವರಿಂದಾದದ್ದು.

ಆಶ್ ಬೋಗುಣಿಯ ಫಲಕಗಳೆಲ್ಲ ಈಗ ಹೊಗೆಯಿಂದ ಕಪ್ಪಾಗಿವೆ. ‘ಹಿಂದಿರುಗುವ ದಾರಿ’ ಮಾತ್ರ, ಅದರ ಕೆಳಗೆ ಹಾಯುವವರಿಲ್ಲದೆ, ನಿನ್ನೆ ಬರೆದಂತಿದೆ. ನನ್ನ ಕಣ್ಣು ಈಗ ಇಫ್ಫತ್‌ಳ ಕಣ್ಣಿಗಿಂತ ಕೆಟ್ಟಿದೆ. ಆದರೂ ದೂರದಿಂದಲೇ ಓದಬಲ್ಲೆ. ಗರಕಾನಿಯವರಂಥವರು ನಮ್ಮ ತಲೆಮಾರಿನಲ್ಲಿ ಅಲ್ಲಲ್ಲಿ ಇದ್ದರು. ಅವರನ್ನು ಹೊಗಳುವ ಲೇಖನಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ, ಬಯ್ಯುವವರನ್ನು ಕಂಡಾಗ ಇನ್ನೂ ಬೇಸರವಾಗುತ್ತದೆ. ಮನುಷ್ಯರು ತಪ್ಪುತ್ತಾರೆಂದು ಅವರು ಬಲ್ಲರು, ತಪ್ಪಿದವರ ಮೇಲೆ ಕೋಪಿಸಿಕೊಳ್ಳರು. ಊರಿನ ತಪ್ಪುಗಳಿಗೆಲ್ಲ ಮೊದಲೇ ಜಾಗ ಬಿಡಿಸಿ ಹದವಾದ ದಾರಿ ಕಟ್ಟಿಡುತ್ತಾರೆ. ಆ ಜಾಗವನ್ನು ಮಾತ್ರ ತಮ್ಮನ್ನು ಅತ್ಯಂತ ಪ್ರೀತಿಸಿದವರಿಂದ ಕೇಳುತ್ತಾರೆ, ಏಕೆಂದರೆ ಅವರನ್ನು ಬಿಟ್ಟು ಬೇರೆಯವರಿಂದ ಕೇಳುವುದು ಅವರಿಗೆ ನ್ಯಾಯವೆನಿಸದು. ಮತ್ತು ತಪ್ಪು ತಮ್ಮದೇ ಎಂದು ಗೊತ್ತಾದ ದಿನವೂ ಅವರು ಸುತ್ತಿಕೊಂಡೇ ಬರುತ್ತಾರೆ, ಬಂದು ಮುಟ್ಟುವ ಹೊತ್ತಿಗೆ ಬಾಗಿಲು ಮುಚ್ಚುತ್ತಿರುತ್ತದೆ.