ಸೊನ್ನೆ ಸೊನ್ನೆ ನಲವತ್ತೆರಡು

ಹೇಮಲತಾ ಆ ರೇಡಿಯೊ ನೋಟ್‌ಬುಕ್ಕನ್ನು ಗಂಡನ ಹೆಣದ ಪಕ್ಕಕ್ಕೆ, ಬಿಳಿ ಬಟ್ಟೆಯ ಅಡಿಗೆ ತಳ್ಳುತ್ತಿದ್ದಾಗ ಮಗಳು ಬಂದು ಕೈ ಹಿಡಿದುಕೊಂಡಳು.

"ಅಮ್ಮಾ, ಅದು ಬೇಡ. ಹಾಲೇಶ್ ಅಂಕಲ್ ನೋಡ್ಬೇಕು ಅಂದಿದ್ದಾರೆ."

"ನಿಮ್ಮಪ್ಪನದೇ ವಸ್ತು. ಅವರ ಜೊತೇಲೇ ಹೋಗ್ಲಿ ಬಿಡು."

ಮನಸ್ವಿನಿ ಬಿಡಲಿಲ್ಲ. ನೋಟ್‌ಬುಕ್ಕನ್ನು ಎಳೆದುಕೊಂಡು, ಧೂಳು ಒರೆಸಿ, ಕಂಕುಳಲ್ಲಿ ಇಟ್ಟುಕೊಂಡಳು. ಅಪ್ಪನ ಹಳೆಯ ಗೆಳೆಯ ಹಾಲೇಶ ಸೂರತ್ತಿನಿಂದ ಹೊರಟ ರೈಲು ಭರೂಚ್ ದಾಟಿತಂತೆ. ಅವನು ಬರುವವರೆಗೆ ಹೆಣ ಎತ್ತುವುದಿಲ್ಲವೆಂದು ಅವಳೇ ಎಲ್ಲರಿಗೂ ಹೇಳಿದ್ದಳು.

ಮಕರಪುರದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ವಾಸುದೇವ ಅಂದು ರೇಡಿಯೊ ಮೇಜಿನ ಮೇಲೆ ತಲೆಯಿಟ್ಟು ಸತ್ತಿದ್ದರು. ಹೇಮಲತಾ ನೋಡಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಡಾಕ್ಟರು ಬಂದು, ಹೃದಯ ನಿಂತು ಬಹಳ ಹೊತ್ತಾಗಿದೆ ಎಂದರೇ ಹೊರತು ಎಷ್ಟು ಹೊತ್ತೆಂದು ಹೇಳಲಿಲ್ಲ. ಅದನ್ನು ಹೇಳಿದವಳು ಅಹಮದಾಬಾದಿನಿಂದ ಓಡಿ ಬಂದ ಮನಸ್ವಿನಿ. ಕನ್ನಡನಾಡಿನಿಂದ ದೂರ, ಇಲ್ಲಿಯೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಅಕ್ಷರ ಬಾರದು, ಆದರೆ ಅಂಕಿ ಓದುವುದಕ್ಕೆ ಅಕ್ಷರ ಬೇಕಿಲ್ಲ. ಅಪ್ಪ ರೇಡಿಯೊ ಕೇಳಿದ ಹೊತ್ತನ್ನು ಬರೆದಿಡುತ್ತಿದ್ದ, ಮೇಜಿನ ಮೇಲಿದ್ದ ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಅಂದಿನ ತಾರೀಖು, ಅದರ ಪಕ್ಕ 0042. ಅಂದರೆ ರಾತ್ರಿ ಹನ್ನೆರಡೂ ನಲವತ್ತೆರಡು. ಆಮೇಲೆ ಏನೂ ಬರೆದಿಲ್ಲ.

"ನೀನು ಮಲಗಿದ್ದೆ ಅಮ್ಮ. ನಿಂಗೆ ಹೇಗೆ ಗೊತ್ತಾಗುತ್ತೆ?" ಎಂದು ಅವಳು ತಾಯಿಯನ್ನು ತಬ್ಬಿಕೊಂಡಳು. ಹೇಮಲತಾ ತಲೆಯಾಡಿಸಿಬಿಟ್ಟಳು. ಅಲ್ಲಿಗೆ ಅದೇ ಸತ್ಯವಾಯಿತು. ಪಕ್ಕದ ಮನೆಯ ಇಂದಿರಾಬೆನ್ ಬಂದವರಿಗೆಲ್ಲ ಅದನ್ನೇ ಹೇಳುತ್ತ, ನಿದ್ದೆಯಲ್ಲಿ ಹೋದಂತೆ ಹೋದರು, ಪುಣ್ಯವಂತರು ಎನ್ನುತ್ತಿದ್ದಳು.

ಆ ಲೆಕ್ಕ ತಪ್ಪು. ತಪ್ಪೆಂದು ಗೊತ್ತಿದ್ದವಳು ಆ ಮನೆಯಲ್ಲಿ ಹೇಮಲತಾ ಒಬ್ಬಳೇ. ಹಾಲೇಶ ನೋಟ್‌ಬುಕ್ ಬಿಡಿಸಿದರೆ ಇಬ್ಬರಾಗುತ್ತಾರೆ.

*

ಮದುವೆಯಾದ ಹೊಸತರಲ್ಲಿ ಅವಳೂ ಇದೇ ತಪ್ಪು ಮಾಡಿದ್ದಳು. ಗಂಡ ಕೆಲಸಕ್ಕೆ ಹೋದಾಗ ಅವರ ನೋಟ್‌ಬುಕ್ಕನ್ನು ಕದ್ದು ನೋಡಿದರೆ, ಕಳೆದ ವಾರ ರಾತ್ರಿ ಒಂದು ಗಂಟೆಗೆ ಯಾವುದೋ ಹೆಂಗಸಿನ ದನಿ ಕೇಳಿದ್ದಾಗಿ ಬರೆದುಕೊಂಡಿದ್ದರು. ಆ ಹೊತ್ತಿನಲ್ಲಿ ಮನುಷ್ಯ ತನ್ನ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರಲ್ಲ! ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು. ಕೊನೆಗೆ ಕೇಳಿದಾಗ ವಾಸುದೇವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಲೋಕವೆಲ್ಲ ವಿವಿಧ ಭಾರತಿ ಕೇಳಿದರೆ ಇವರಿಗೆ ಬೇಕಾದದ್ದು ಕಳ್ಳ ಸ್ಟೇಷನ್ನುಗಳು. ಲೈಸೆನ್ಸಿಲ್ಲದೆ ಯಾರೋ ಎಲ್ಲೋ ಅಟ್ಟದ ಮೇಲೆ ಕೂತು ನಡೆಸುವಂಥವು. ಯಾರಿಗೆಂದು ಹೇಳದೆ ಬರೀ ಅಂಕಿಗಳನ್ನು ಓದಿ ನಿಂತುಹೋಗುವಂಥವು. ವರ್ಷಗಟ್ಟಲೆ ಸುಮ್ಮನೆ ಗುಂಯ್‌ಗುಡುವಂಥವು. ಇಂಥ ಹುಚ್ಚಿನವರು ದೇಶದೇಶಗಳಲ್ಲಿ ಇದ್ದಾರಂತೆ. ಯಾರು ಯಾವಾಗ ಕೇಳಿದರೆಂದು ತಾಳೆ ನೋಡಲು ಎಲ್ಲರೂ ಒಂದೇ ಗಡಿಯಾರ ಹಿಡಿಯುತ್ತಾರಂತೆ, ಲಂಡನ್ನಿನ ಹಳೆಯ ಗಡಿಯಾರ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಹೊತ್ತು. ಆ ಹೆಂಗಸಿನ ದನಿ ಬಂದದ್ದು ಬೆಳಿಗ್ಗೆ ಆರೂವರೆಗೆ, ನೀನು ಹಾಲು ತರಲು ಹೋದಾಗ, ಎಂದಿದ್ದರು.

ಅಂದಿನಿಂದ ಒಂದು ಚಾಳಿ ಹತ್ತಿತು. ಏನಾದರೂ ವಿಚಿತ್ರ ಸಿಕ್ಕರೆ "ಹೇಮಾ, ಬಾ ಇಲ್ಲಿ" ಎಂದು ಕರೆಯುವುದು. ಅವಳು ಹಿಟ್ಟಿನ ಕೈಯಲ್ಲೇ ಹೋಗಿ ಹೆಡ್‌ಫೋನಿಗೆ ಕಿವಿ ಕೊಡುವುದು, ಏನೂ ತಿಳಿಯದೆ "ಚೆನ್ನಾಗಿದೆ" ಅಂದು ಬರುವುದು. ಅವಳಿಗೆ ಸ್ಟೇಷನ್ ಬೇಕಿರಲಿಲ್ಲ, ಕರೆಯುವವರು ಬೇಕಿತ್ತು.

*

ಕಳೆದ ಮೂರು ದಿನದಿಂದ ಆ ಮನೆಯಲ್ಲಿ ಮಾತಿರಲಿಲ್ಲ. ಅಹಮದಾಬಾದಿನಲ್ಲಿ ತನ್ನ ಜೊತೆಗೇ ಇರಿ ಎಂದು ಮನಸ್ವಿನಿ ಕರೆದಿದ್ದಳು. ಹೇಮಲತಾ ಮನಸ್ಸಿನಲ್ಲೇ ಪಾತ್ರೆ ಕಟ್ಟಿಯಾಗಿತ್ತು. ವಾಸುದೇವ ಮಾತ್ರ, ಹನ್ನೊಂದನೇ ಮಹಡಿಯಲ್ಲಿ ಲಿಫ್ಟು, ಇನ್ವರ್ಟರುಗಳ ಗದ್ದಲದಲ್ಲಿ ರೇಡಿಯೊ ಕೇಳಿಸುವುದಿಲ್ಲ, ಇಲ್ಲಾದರೆ ತಾರಸಿಯ ಮೇಲೆ ಏರಿಯಲ್ ತಂತಿಯಿದೆ ಎಂದರು. ಉತ್ತರಾಯಣದ ಹಬ್ಬದ ಗಾಳಿಪಟಗಳು ಪ್ರತಿ ವರ್ಷ ಸಿಕ್ಕಿಕೊಂಡು ನೇತಾಡುವ ಒಂದು ತಂತಿಗೋಸ್ಕರ ಮಗಳನ್ನು ಬಿಡುವವರ ಜೊತೆ ತನಗೇನು ಮಾತು ಎಂದು ಅವಳು ಬಾಯಿ ಕಟ್ಟಿದಳು.

ಇವತ್ತು ಬೆಳಿಗ್ಗೆ ಹೊರಗೆ ಇನ್ನೂ ಕತ್ತಲಿತ್ತು. ಅವಳು ಕಾಫಿ ಸೋಸುತ್ತಿದ್ದಳು. ಆರೂಕಾಲು ಆಗುವುದರಲ್ಲಿತ್ತು. ರೂಮಿನಿಂದ "ಹೇಮಾ, ಬಾ ಇಲ್ಲಿ" ಎಂದರು. ಅವಳು ಸೌಟನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. ಇನ್ನೊಮ್ಮೆ ಕರೆದರು, ಮೊದಲಿಗಿಂತ ಮೆಲ್ಲಗೆ. ಆಮೇಲೆ ಕರೆಯಲಿಲ್ಲ. ಸೋತರು ಎಂದುಕೊಂಡು ಅವಳು ಒಬ್ಬಳೇ ಕಾಫಿ ಕುಡಿದಳು, ಆ ಗೆಲುವಿನಲ್ಲಿ ಅದು ರುಚಿಯಾಗಿಯೂ ಇತ್ತು. ಆ ಎರಡನೆಯ ಕರೆ ಸ್ಟೇಷನ್ ಕೇಳಿಸಲಿಕ್ಕೋ, ಎದೆ ಹಿಡಿದುಕೊಂಡೋ?

*

ಹಾಲೇಶ ಬಂದಾಗ ಮೂರೂವರೆ. ಹರಿಹರದ ಕಡೆಯವನು, ಸೂರತ್ತಿನ ಉಧ್ನಾದ ಬಟ್ಟೆ ಮಿಲ್ಲೊಂದರಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್, ವಾಸುದೇವರಿಗೆ ಇಪ್ಪತ್ತು ವರ್ಷದ ರೇಡಿಯೊ ಗೆಳೆಯ. ಹೆಣದ ಕಾಲು ಹಿಡಿದು ದನಿ ತೆಗೆದು ಅತ್ತ. ನಲ್ಲಿಯಲ್ಲಿ ಮುಖ ತೊಳೆದು ಬಂದವನೇ ಕೈ ಚಾಚಿದ.

"ಅಣ್ಣಾರು ಕಡೇ ಸಾಲು ಬರ್ದಿದ್ದು ಎಲ್ಲೈತೆ? ಕೊಡ್ರಿ."

ಕೇಳುಗರಲ್ಲಿ ಒಬ್ಬರು ತೀರಿಕೊಂಡರೆ, ಅವರು ಕೊನೆಗೆ ಹಿಡಿದ ಸ್ಟೇಷನ್ನಿಗೆ ಅವರ ಹೆಸರಿನಲ್ಲಿ ಗೆಳೆಯರು ವರದಿ ಕಳಿಸುವುದು ತಮ್ಮ ಪದ್ಧತಿ ಎಂದು ಮನಸ್ವಿನಿಗೆ ತಿಳಿಸಿ ಹೇಳಿದ. ಹೇಮಲತಾ, ಹೊತ್ತಾಯಿತು, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಆಮೇಲೆ ನೋಡಿದರಾಯಿತು ಎಂದಳು. ಅಷ್ಟರಲ್ಲಿ ಮನಸ್ವಿನಿ ನೋಟ್‌ಬುಕ್ ಕೊಟ್ಟಾಗಿತ್ತು.

ಹಾಲೇಶ ಕನ್ನಡಕ ಏರಿಸಿಕೊಂಡು ಕೊನೆಯ ಪುಟ ಬಿಡಿಸಿದ. ಅವನ ಬೆರಳು ಸಾಲಿನಿಂದ ಸಾಲಿಗೆ ಇಳಿಯುವುದನ್ನೇ ಹೇಮಲತಾ ನೋಡುತ್ತ ನಿಂತಳು. ಬೆಳಗಿನಿಂದ ಆ ಪುಟವನ್ನು ಓದುವ ಧೈರ್ಯ ಅವಳಿಗೆ ಬಂದಿರಲಿಲ್ಲ.

"ಪಪ್ಪಾ ಏನು ಬರೆದಿದ್ದಾರೆ ಅಂಕಲ್?"

ಅವನು ನಿಧಾನವಾಗಿ ಓದಿದ. "ಲೈಸೆನ್ಸಿಲ್ಲದ ಸ್ಟೇಷನ್. ಹೆಸರು ಹೇಳಲಿಲ್ಲ. ಯಾರೋ ಮುದುಕ ಪಿಟೀಲು ನುಡಿಸುತ್ತಿದ್ದಾನೆ, ಮಧ್ಯೆ ಅವನ ನಾಯಿ ಬೊಗಳಿತು. ಹೇಮಾ ಕೇಳಬೇಕು. ಎರಡು ಸಲ ಕರೆದಿದ್ದೇನೆ."

ಎದೆ ಹಿಡಿದುಕೊಂಡಲ್ಲ, ನಾಯಿ ಬೊಗಳಿದ್ದನ್ನು ಕೇಳಿಸಲಿಕ್ಕೆ. ಹೇಮಲತಾಗೆ ಒಂದು ಕ್ಷಣ ಜೀವ ಬಂದಂತಾಯಿತು. ಮರುಕ್ಷಣವೇ, ಕರೆದು ಕಾದು ಕೂತವರ ಮುಖ ಕಣ್ಣಿಗೆ ಕಟ್ಟಿತು.

ಮನಸ್ವಿನಿಯ ಮುಖ ಮಾತ್ರ ಬಿಗಿದುಕೊಂಡಿತು. ಬೆಳಗಿನಿಂದ ಅಳದೆ ತಡೆದಿದ್ದು ಈಗ ಸಿಟ್ಟಾಗಿ ಹೊರಬಿತ್ತು. "ಮಿಡ್‌ನೈಟಲ್ಲಿ ಯಾಕೆ ಕರೀಬೇಕಿತ್ತು? ಅಮ್ಮ ಪಾಪ ಮಲಗಿದ್ದಾಳೆ, ಇವರಿಗೆ ರೇಡಿಯೊ. ಯಾವಾಗ್ಲೂ ಅಷ್ಟೇ. ಬೇರೆಯವರ ನಿದ್ದೆ, ಬೇರೆಯವರ ಲೈಫು, ಏನೂ ಬೇಕಿಲ್ಲ ಪಪ್ಪಾಗೆ."

"ಮಿಡ್‌ನೈಟಾ?" ಹಾಲೇಶ ತಲೆಯೆತ್ತಿದ. ಬಾಯಿ ತೆರೆದವನು ಹೇಮಲತಾಳ ಮುಖ ನೋಡಿದ. ದಡ್ಡನಲ್ಲ, ಹೆಂಡತಿ ಮಕ್ಕಳಿರುವವನು. ತೆರೆದ ಬಾಯಿಯನ್ನು ಬೇರೆ ಮಾತಿಗೆ ತಿರುಗಿಸಿದ. "ಹೂಂ, ರಾತ್ರೀನೇ ಇರ್ಬೇಕು. ಈಗ್ಯಾಕೆ ಅದೆಲ್ಲ. ಎತ್ತೋಣ, ಹೊತ್ತು ಹೋಗ್ತೈತೆ." ನೋಟ್‌ಬುಕ್ ಮುಚ್ಚಿದ.

ಅಲ್ಲಿಗೆ ಹೇಮಲತಾ ಪಾರಾದಳು. ಇನ್ನು ಜನ್ಮದಲ್ಲಿ ಯಾರೂ ಕೇಳುವವರಿಲ್ಲ. ಆದರೆ ಮನುಷ್ಯ ಹೆಣವಾಗಿ ಮಲಗಿದ್ದರು, ಎದ್ದು ತನ್ನ ಪರವಾಗಿ ಒಂದು ಮಾತಾಡುವಂತಿರಲಿಲ್ಲ. ಅವಳ ನಿದ್ದೆ ಕೆಡಬಾರದೆಂದೇ ಕಿವಿ ನೋಯುವಷ್ಟು ಹೊತ್ತು ಹೆಡ್‌ಫೋನ್ ಹಾಕಿಕೊಂಡು ಕೂತವರ ಮೇಲೆ, ಅವಳ ನಿದ್ದೆಯದೇ ಅಪವಾದ. ಅದನ್ನು ಹೊರಿಸಿ ಸುಡಲಿಕ್ಕೆ ಅವಳಿಂದ ಆಗಲಿಲ್ಲ.

"ಅದು ರಾತ್ರಿ ಅಲ್ಲ ಪುಟ್ಟಿ," ಎಂದಳು.

"ಅಕ್ಕಾ, ಬಿಡ್ರಿ," ಎಂದ ಹಾಲೇಶ.

"ಅದು ಲಂಡನ್ ಟೈಮು. ನಮ್ಮ ಲೆಕ್ಕಕ್ಕೆ ಬೆಳಿಗ್ಗೆ ಆರೂ ಹನ್ನೆರಡು. ನಾನು ಎದ್ದಿದ್ದೆ, ಅಡಿಗೆಮನೇಲಿದ್ದೆ. ಎರಡು ಸಲ ಕರೆದ್ರು. ಕೇಳಿಸ್ತು. ಕೋಪಕ್ಕೆ ನಾನು ಹೋಗ್ಲಿಲ್ಲ." ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ನಿಮ್ಮಪ್ಪ ಇಷ್ಟು ವರ್ಷದಲ್ಲಿ ಒಂದು ರಾತ್ರಿ ನನ್ನ ಎಬ್ಬಿಸಿದವರಲ್ಲ. ಅವರನ್ನ ಏನೂ ಅನ್ಬೇಡ."

ಬೆಳಗಿನಿಂದ ತಾಯಿಯ ಹೆಗಲ ಮೇಲಿದ್ದ ಕೈಯನ್ನು ಮನಸ್ವಿನಿ ತೆಗೆದಳು. ಒಬ್ಬಳೇ ಮಗಳು, ಕೊಳ್ಳಿ ಇಡಬೇಕಾದವಳು ಅವಳೇ. ಬೆಂಕಿಯ ಮಡಕೆಯನ್ನು ಎತ್ತಿಕೊಂಡು ಹೆಣದ ಮುಂದೆ ನಡೆದುಬಿಟ್ಟಳು.

ಗೇಟಿನ ಹೊರಗೆ ಶವವಾಹಿನಿ ನಿಂತಿತ್ತು. ಚಟ್ಟವನ್ನು ಒಳಗೆ ಸರಿಸಿದರು. ಪಕ್ಕದ ಕಿರಿದಾದ ಬೆಂಚಿನ ಮೇಲೆ ಮನಸ್ವಿನಿ ಕೂತಳು, ಆಚೆ ತುದಿಗೆ ಹಾಲೇಶ. ಹೆಂಗಸರು ಇಲ್ಲಿಂದಲೇ ಕೈ ಮುಗಿಯಬೇಕೆಂದು ಇಂದಿರಾಬೆನ್ ಹೇಮಲತಾಳ ತೋಳು ಹಿಡಿದಳು. ಹೇಮಲತಾ ನೋಡುತ್ತಿದ್ದದ್ದು ಹೆಣವನ್ನಲ್ಲ, ಮಗಳನ್ನು. ಮಗಳು ಅವಳ ಕಡೆ ಮುಖ ತಿರುಗಿಸಲಿಲ್ಲ.

ಡ್ರೈವರು ಬಂದು ಹಿಂಬಾಗಿಲು ಎಳೆದ. ಅದು ಅರ್ಧಕ್ಕೆ ಬಂದು ನಿಂತಿತು. ಒಳಗಿನಿಂದ ಮನಸ್ವಿನಿ ಪಾದ ಅಡ್ಡ ಇಟ್ಟಿದ್ದಳು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಮಡಕೆಯನ್ನು ಎಡಗೈಗೆ ಬದಲಾಯಿಸಿ, ಹಾಲೇಶನಿಗೆ ಭುಜ ತಾಗುವಷ್ಟು ಒತ್ತಿ ಕೂತಳು. ಆಮೇಲೆ ಬಾಗಿಲ ಕಡೆಗೆ ಖಾಲಿಯಾದ ಬೆಂಚಿನ ತುದಿಯ ಮೇಲೆ ಬಿದ್ದಿದ್ದ ಹೂವಿನ ಎಸಳುಗಳನ್ನು ಅಂಗೈಯಿಂದ ಸವರಿ ಕೆಳಗೆ ತಳ್ಳಿದಳು.