ಕುಡಿಯದ ಚಟ

ನಮ್ಮ ಅತ್ತಿಗೆ ಬಿಸಿ ರೋಲರಿನ ಮುಂದೆ ಬಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಹೋಟೆಲಿನ ನೆಲಮಾಳಿಗೆಯಲ್ಲಿ ನಾವು ಎಂಟು ಮಂದಿ ಇಸ್ತ್ರಿಯ ಸ್ತ್ರೀಯರು. ಮೇಲಿನ ಮುನ್ನೂರು ಕೋಣೆಗಳ ಚಾದರವೆಲ್ಲ ನಮ್ಮ ಕೈ ದಾಟಿಯೇ ಹೋಗಬೇಕು. ಒದ್ದೆ ಚಾದರವನ್ನು ರೋಲರಿನ ಬಾಯಿಗೆ ಕೊಡುವವಳು ಅತ್ತಿಗೆ, ಆಚೆ ಬದಿಯಲ್ಲಿ ಬೆಂದು ಬಂದದ್ದನ್ನು ಮಡಚುವವಳು ನಾನು. ಆ ದಿನ ಒಂದು ಬಂತು, ಹಿಂದೆಯೇ ಬರಬೇಕಾದ್ದು ಬರಲಿಲ್ಲ. ಬಗ್ಗಿ ನೋಡಿದರೆ ಅತ್ತಿಗೆ ನೆಲದ ಮೇಲೆ, ಕೈಯಲ್ಲಿನ್ನೂ ಚಾದರದ ತುದಿ.

ಮೂರನೆಯ ದಿನ ಕಂಪನಿ ಡಾಕ್ಟರು ಕರೆಸಿದರು. ಕೈ ಹಿಡಿದುಕೊಂಡು ಹೋದವಳು ನಾನು. ಕೆಳಗೆ ನಾವು ಬೇಯುತ್ತಿದ್ದರೆ ಇಲ್ಲಿ ಎ.ಸಿ.ಯ ಚಳಿಗೆ ಅವರು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ನಮ್ಮ ಸೂಪರ್‌ವೈಸರ್ ನಿಂತಿದ್ದ. ಕಣ್ಣು ಸದಾ ಮಣಿಕಟ್ಟಿನ ಮೇಲೇ ಇರುವುದರಿಂದ ಅವನನ್ನು ನಾವು ಗಡಿಯಾರ ಅನ್ನುತ್ತೇವೆ.

ಡಾಕ್ಟರು ಪ್ರತಿ ಮಾತಿನ ಬಾಲ ಎಳೆಯುತ್ತಾರೆ. ಊಟದ ಬಿಡುವಿನಲ್ಲಿ ನಾನು ಅವರಂತೆ ಮಾತಾಡಿ ಎಲ್ಲರನ್ನೂ ನಗಿಸುವುದುಂಟು. ಅವತ್ತು ಅಸಲಿಯನ್ನೇ ಕೇಳಿದೆ, ನಗು ಬರಲಿಲ್ಲ.

"ನೋಡೀಮ್ಮಾ, ಆಹಾರಾ, ವಿಹಾರಾ, ನಿದ್ದೇ, ಇವು ಸರಿಯಿಲ್ದಿದ್ರೆ ದೇಹ ಸುಮ್ನಿರಲ್ಲಾ. ನೀವೇ ಬರ್ಕೊಟ್ಟಿದ್ದೀರೀ."

ಮುಂದಿಟ್ಟದ್ದು ಮೂರು ತಿಂಗಳ ಹಿಂದಿನ ಆರೋಗ್ಯ ಸಮೀಕ್ಷೆಯ ಹಾಳೆ. ಕೆಲಸದ ಹೊತ್ತಿನಲ್ಲಿ ಎಷ್ಟು ನೀರು ಕುಡಿಯುತ್ತೀರಿ? ಅರ್ಧ ಲೋಟ. ಎಷ್ಟು ಹೊತ್ತು ಮಲಗುತ್ತೀರಿ? ನಾಲ್ಕು ಗಂಟೆ. ಎಷ್ಟು ಓಡಾಡುತ್ತೀರಿ? ನಿಂತ ಜಾಗ ಬಿಟ್ಟು ಕದಲುವುದಿಲ್ಲ.

ಎಂಟು ಮಂದಿಯೂ ಹಾಗೆಯೇ ಬರೆದಿದ್ದೆವು, ಅದೂ ಜಂಬದಿಂದ. ಹಾಳೆ ಹಂಚಿದವನು ಗಡಿಯಾರ. ಹಾಗಾಗಿ ಅದು ನಮ್ಮ ಕೆಲಸದ ಪರೀಕ್ಷೆ ಅಂದುಕೊಂಡೆವು. ನಮ್ಮಲ್ಲಿ ಕಡಿಮೆ ಕುಡಿಯುವವಳೇ ಒಳ್ಳೆಯ ಕೆಲಸಗಾರ್ತಿ. ಶೌಚಾಲಯ ಇರುವುದು ಎರಡು ಮಹಡಿ ಮೇಲೆ, ಕೀಲಿ ಗಡಿಯಾರನ ಸೊಂಟದಲ್ಲಿ, ಹೋದರೆ ಐದು ನಿಮಿಷ, ಆರಾದರೆ ಬೈಗುಳ. ನಾನು ಸೇರಿದ ದಿನ ಅತ್ತಿಗೆಯೇ ಕಲಿಸಿದ್ದಳು: "ಒಳಗೆ ಹೋಗಿದ್ದು ಹೊರಗೆ ಬರ್ಬೇಕಲ್ವೇನೇ? ನೀರನ್ನ ಒಳಗೇ ಬಿಟ್ಕೋಬೇಡ." ಕುಡಿಯುವ ಚಟಕ್ಕೆ ಕೆಲಸ ಹೋದವರನ್ನು ಕಂಡಿದ್ದೆ. ಕುಡಿಯದ ಚಟಕ್ಕೂ ಹೋಗುತ್ತದೆ ಅಂತ ಅವತ್ತೇ ಗೊತ್ತಾದದ್ದು.

ಹಾಳೆಯ ಕೆಳಗೆ ಟೈಪು ಮಾಡಿತ್ತು: 'ಬಿದ್ದದ್ದು ಸ್ವಂತ ಅಭ್ಯಾಸದೋಷದಿಂದ. ಈ ಕೆಲಸಕ್ಕೆ ಅನರ್ಹಳು.' ಅದರಡಿ ಸಹಿಗೆ ಒಂದು ಗೆರೆ. ಹಾಕಿದರೆ ಅತ್ತಿಗೆಯ ಹದಿನಾಲ್ಕು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

"ಬೇಗ ಹಾಕಮ್ಮ, ಡಾಕ್ಟ್ರಿಗೆ ಟೈಮಿಲ್ಲ," ಅಂದ ಗಡಿಯಾರ.

"ನಿದ್ದೆ ನಾಲ್ಕೇ ಗಂಟೆ ಯಾಕೆ ಅಂತ ಕೇಳಲ್ವಾ ಸಾರ್?" ಅತ್ತಿಗೆ ಡಾಕ್ಟರನ್ನೇ ಕೇಳಿದಳು.

"ಫಾರಮ್ಮಲ್ಲಿ ಆ ಕಾಲಂ ಇಲ್ಲಮ್ಮಾ."

ಕಾರಣ ನಮಗೆ ಗೊತ್ತು: ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ. ಮೈ ಒಂದಕ್ಕೆ ಒಗ್ಗುವಷ್ಟರಲ್ಲಿ ಪಾಳಿ ಮಗ್ಗುಲು ಬದಲಿಸುತ್ತದೆ; ನಾವು ಮಡಚುವುದು ಬೇರೆಯವರು ಮಲಗುವ ಚಾದರ. ಇವರ ಪಟ್ಟಿಯಲ್ಲಿ ಆಹಾರ ಉಂಟು, ವಿಹಾರ ಉಂಟು. ನಮ್ಮ ಪಾಲಿಗೆ ಪ್ರಹಾರ ಮಾತ್ರ. ನಾನು ಬಾಯಿಗೆ ಬಂದದ್ದನ್ನು ಅಂದೇಬಿಡುವವಳಿದ್ದೆ. ಅತ್ತಿಗೆ ನನ್ನ ಕಾಲು ತುಳಿದು ಹಾಳೆಯನ್ನು ಮಗುಚಿದಳು. ಖಾಲಿ ಬೆನ್ನಿನ ಮೇಲೆ ಬರೆಯತೊಡಗಿದಳು: ಕೀಲಿ, ಐದು ನಿಮಿಷ, ವಾರಕ್ಕೊಂದು ಪಾಳಿ, ಊದುವುದಕ್ಕಿಂತ ಹೆಚ್ಚು ಕೂಗುವ ಒಂದೇ ಫ್ಯಾನು. ಒಂದನ್ನೂ ಬಿಡಲಿಲ್ಲ. ಕೆಳಗೆ ಸಹಿ ಹಾಕಿದಳು.

"ಸಹಿ ಈ ಕಡೆ," ಅಂದ ಗಡಿಯಾರ.

"ನನ್ನ ಮಾತಿರೋದು ಆ ಕಡೆ."

ನಾನು ಕೆಳಗೆ ಓಡಿ ಉಳಿದವರಿಗೆಲ್ಲ ಹೇಳಿದೆ. ನಮ್ಮಲ್ಲಿ ಹಿರಿಯಳಾದ ದೊಡ್ಡಕ್ಕ ರೋಲರ್ ನಿಲ್ಲಿಸುವ ಗುಂಡಿ ಒತ್ತಿದಳು. ಆ ಗದ್ದಲ ನಿಂತಾಗಲೇ ನಮ್ಮ ಉಸಿರು ನಮಗೆ ಕೇಳಿಸಿದ್ದು. ಆರು ಮಂದಿ ನನ್ನ ಹಿಂದೆ ಮೆಟ್ಟಿಲು ಹತ್ತಿದರು.

ಗಡಿಯಾರ ಬಾಗಿಲಲ್ಲೇ ತಡೆದ. "ಜಾಗ ಬಿಟ್ಟು ಎಲ್ರೂ ಎಲ್ಲಿಗೆ?"

"ಓಡಾಡಿಲ್ಲ ಅಂದ್ರೆ ದೋಷ ಅಂತೆ ಅಲ್ವೇನಪ್ಪ," ಅಂದಳು ದೊಡ್ಡಕ್ಕ. "ಓಡಾಡ್ತಿದ್ದೀವಿ. ದಾರಿ ಬಿಡು." ಆಮೇಲೆ ಡಾಕ್ಟರ ಕಡೆ ತಿರುಗಿ, "ನಮ್ಮ ಹಾಳೆಗಳನ್ನೂ ಕೊಡಿ ಸಾರ್. ಇನ್ನರ್ಧ ಬರೆಯೋದು ಬಾಕಿ ಇದೆ."

ಡಾಕ್ಟರು ಗಡಿಯಾರನನ್ನು ನೋಡಿದರು, ಕಡತ ತೆರೆದು ಏಳು ಹಾಳೆ ತೆಗೆದುಕೊಟ್ಟರು. ಗೋಡೆಗೆ, ಕಿಟಕಿಗೆ, ಒಬ್ಬರ ಬೆನ್ನಿಗೆ ಇನ್ನೊಬ್ಬರು ಹಾಳೆ ಒತ್ತಿಕೊಂಡು ಬರೆದೆವು. ಎಂಟೂ ಹಾಳೆ ಬೆನ್ನು ಮೇಲಾಗಿ ಮೇಜಿನ ಮೇಲೆ ಬಿದ್ದವು.

"ಇದನ್ನ ನಾನೇನ್ ಮಾಡ್ಲಿ?" ಅಂದರು ಡಾಕ್ಟರು. ಮಾತಿಗೆ ಬಾಲ ಇರಲಿಲ್ಲ.

"ಓದಿ ಸಾರ್," ಅಂದಳು ಅತ್ತಿಗೆ. "ಓದಿದೆ ಅಂತ ನೀವು ಈ ಕಡೆ ಸಹಿ ಹಾಕಿ. ಆಮೇಲೆ ಆ ಕಡೆ ವಿಚಾರ ಮಾತಾಡೋಣ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಮೊದಲ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ನಾವು ಎಂಟೂ ಮಂದಿ ಕದಲದೆ ನಿಂತೆವು.