ತಂಗಿಯ ಕಾರಿಗಿಂತ ಮೆತ್ತಗೆ

"ಕಾರಲ್ಲಿ ಕೂತಿದ್ದೇ ಗೊತ್ತಾಗ್ಲಿಲ್ಲ ಕಣೇ, ಒಳ್ಳೆ ನಿದ್ದೆ ಬಂದ್ಬಿಡ್ತು."

ಚಿಕ್ಕ ಮಗಳ ಕಾರಿನಿಂದ ಇಳಿಯುತ್ತ ಅಮ್ಮ ಹೇಳಿದ್ದು ಇಷ್ಟೇ. ಗೇಟಿನ ಬಳಿ ನಿಂತಿದ್ದ ದೊಡ್ಡವಳ ಹೊಟ್ಟೆಗೆ ಬೆಂಕಿ ಬೀಳಲು ಅಷ್ಟು ಸಾಕಾಯಿತು. ಮುಖದಲ್ಲಿ ನಗು ಇತ್ತು, ಇಲ್ಲವೆನ್ನುವಂತಿಲ್ಲ. ಕನ್ನಡಕದ ಅಂಗಡಿ ನಡೆಸುವವಳು, ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಮುಂದೆ ನಕ್ಕು ನಕ್ಕು ರೂಢಿಯಾಗಿತ್ತು.

ಅಮ್ಮನ ಸೊಂಟದ ನೋವಿಗೆ ವಾರಕ್ಕೊಮ್ಮೆ ವ್ಯಾಯಾಮದ ಡಾಕ್ಟರ ಹತ್ತಿರ ಹೋಗಬೇಕು. ಅಮ್ಮ ಇರುವುದು ಚಿಕ್ಕವಳ ಮನೆಯಲ್ಲಿ. ಕರೆದುಕೊಂಡು ಹೋಗುವುದು ಮಾತ್ರ ಒಂದು ವಾರ ಅವಳು, ಒಂದು ವಾರ ಇವಳು ಎಂದು ಮಾತಾಗಿತ್ತು. ಆದರೆ ದೊಡ್ಡವಳ ಸರದಿ ಬಂತೆಂದರೆ ಅಮ್ಮನಿಗೆ ಒಂದಲ್ಲ ಒಂದು ನೆವ ಸಿಗುತ್ತಿತ್ತು. ಒಮ್ಮೆ ತಲೆನೋವು, ಒಮ್ಮೆ ಮನೆಗೆ ನೆಂಟರು, ಇನ್ನೊಮ್ಮೆ "ನಿನಗ್ಯಾಕೆ ಸುಮ್ನೆ ತೊಂದ್ರೆ, ಅಂಗಡಿ ಬೇರೆ ಇದೆ." ತೊಂದರೆಯಂತೆ! ಹೆತ್ತ ತಾಯಿ ಮಗಳಿಗೆ ಹೇಳುವ ಮಾತೇ ಅದು? ಬಂದ ದಿನವೂ ಅಷ್ಟೇ, ಕಿಟಕಿಯ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಹಿಂದಿನ ಸೀಟಿನಲ್ಲಿ ಕೂರುವುದು, ಇಳಿದ ಮೇಲೆ ಸೊಂಟ ಒತ್ತಿಕೊಳ್ಳುವುದು. ನಿದ್ದೆ ದೂರದ ಮಾತು.

ತಪ್ಪೆಲ್ಲ ಚಕ್ರದ್ದು ಎಂದು ದೊಡ್ಡವಳು ತೀರ್ಮಾನಿಸಿದಳು. ಚಕ್ರ ಹಾಗಾದದ್ದಕ್ಕೂ ಕಾರಣ ಚಿಕ್ಕವಳೇ. ಅಕ್ಕ ಕಾರು ತೆಗೆದುಕೊಂಡ ಬೆನ್ನಿಗೇ ತಂಗಿಯೂ ತೆಗೆದುಕೊಂಡಳು, ಅದೂ ಒಂದು ಗೇಣು ದೊಡ್ಡದನ್ನು. ಎರಡೂ ಗೇಟಿನ ಮುಂದೆ ಅಕ್ಕಪಕ್ಕ ನಿಂತಾಗ ತನ್ನದು ಮರಿಯ ಹಾಗೆ ಕಂಡಿದ್ದನ್ನು ದೊಡ್ಡವಳಿಗೆ ನೋಡಲಾಗಲಿಲ್ಲ. ಮರುವಾರವೇ ಹದಿನೈದು ಇಂಚಿನ ಚಕ್ರ ಬಿಚ್ಚಿಸಿ, ಥಳಥಳ ಹೊಳೆಯುವ ಹದಿನೇಳು ಇಂಚಿನದನ್ನು ಕೂರಿಸಿದಳು. ಅದರ ಸುತ್ತ ರೊಟ್ಟಿಯಷ್ಟು ತೆಳ್ಳಗಿನ ಟೈರು. "ಕಾರಿಗೆ ಹೈ ಹೀಲ್ಸ್ ಹಾಕ್ಸಿದೀಯಲ್ಲೇ!" ಎಂದು ಗಂಡ ನಕ್ಕಿದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ನೋಡುವವರ ಕಣ್ಣಿಗೇನೋ ಹಬ್ಬ, ಒಳಗೆ ಕೂತವರಿಗೆ ಪ್ರತಿ ಕಲ್ಲೂ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತಿತ್ತು. ವೇಗ ಹೆಚ್ಚಿದಂತೆ ನೆಲದಿಂದ ಗೊರ್ ಎಂಬ ಸದ್ದು ಏಳುತ್ತಿತ್ತು. ಅದಕ್ಕೆ ದೊಡ್ಡವಳ ಕಿವಿ ಎಂದೋ ಒಗ್ಗಿಹೋಗಿತ್ತು.

ಈಗ ಬದಲಾಯಿಸಲೇಬೇಕು. ಆದರೆ ಎಷ್ಟು ಮೆತ್ತಗಿನದಕ್ಕೆ? ಅಳತೆ ಗೊತ್ತಾಗಬೇಕಲ್ಲ! ತನ್ನ ಕಾರು ಸರ್ವಿಸ್‌ಗೆ ಹೋಗಿದೆ ಎಂದು ಹಸಿ ಸುಳ್ಳು ಹೇಳಿ ತಂಗಿಯ ಕಾರನ್ನು ಒಂದು ಮಧ್ಯಾಹ್ನ ಕೇಳಿ ತಂದಳು. ಆ ಪುಣ್ಯಾತ್ಗಿತ್ತಿ ಏನೂ ಕೇಳದೆ ಕೀಲಿಕೈ ಕೊಟ್ಟಳು. ಅದಕ್ಕೂ ದೊಡ್ಡವಳಿಗೆ ಸಿಟ್ಟು ಬಂತು.

ಮುಂದಿನ ಸೀಟು ಅಮ್ಮನಿಗೆ ಬೇಕಾದಷ್ಟೇ ಹಿಂದಕ್ಕೆ ವಾಲಿತ್ತು. ಸೊಂಟದ ಹತ್ತಿರ ಪುಟ್ಟ ದಿಂಬು. ಮಡಿಸಿಟ್ಟ ಶಾಲು. ಬಾಗಿಲಿನ ಸಂದಿಯಲ್ಲಿ ಅಮ್ಮನ ನೋವಿನ ಮುಲಾಮು. ದೊಡ್ಡವಳು ಶಾಲನ್ನು ಮೂಸಿ ನೋಡಿದಳು. ಅಮ್ಮನದೇ ವಾಸನೆ. ತನ್ನ ಕಾರಿನ ಮುಂದಿನ ಸೀಟಿನ ತುಂಬ ಕನ್ನಡಕದ ಫ್ರೇಮಿನ ಡಬ್ಬಗಳೇ ಇರುತ್ತಿದ್ದವು ಎಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ, ಹೊಳೆದಿದ್ದು ತಂಗಿ ಅಮ್ಮನನ್ನು ಪೂರ್ತಿ ಬುಟ್ಟಿಗೆ ಹಾಕಿಕೊಂಡಿದ್ದಾಳೆ ಎಂಬುದಷ್ಟೇ. ಕಿತ್ತುಹೋದ ರಸ್ತೆಯನ್ನೇ ಹುಡುಕಿಕೊಂಡು ಹೋದಳು. ಕಾರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗಿತು. ದೊಡ್ಡವಳು ಹಲ್ಲು ಕಚ್ಚಿಕೊಂಡಳು.

ಟೈರ್ ಅಂಗಡಿಯವನು ಮಾತಿನ ಮಲ್ಲ.

"ಮೇಡಂ, ಊರವರೆಲ್ಲ ಚಿಕ್ಕದು ಬಿಚ್ಚಿ ದೊಡ್ಡದು ಹಾಕಿಸ್ತಾರೆ, ನೀವು ಉಲ್ಟಾ ಮಾಡ್ತಿದೀರಲ್ಲ! ಹದಿನೆಂಟು ಇಂಚಿಂದು ಹೊಸದು ಬಂದಿದೆ, ನೋಡಿ, ಹೆಂಗೆ ಮಿಂಚ್ತಿದೆ."

"ಮಿಂಚೋದು ಬೇಡ, ಸದ್ದು ಮಾಡಬಾರ್ದು. ಹದಿನೈದಕ್ಕೆ ಇಳಿಸಿ. ಚಕ್ರ ಎಷ್ಟು ಚಿಕ್ಕದಾಗುತ್ತೋ ಟೈರು ಅಷ್ಟು ದಪ್ಪ ಆಗ್ಬೇಕು, ಒಟ್ಟು ಎತ್ತರ ಮಾತ್ರ ಬದಲಾಗಬಾರ್ದು."

"ಅಬ್ಬಾ, ಎಲ್ಲ ತಿಳ್ಕೊಂಡೇ ಬಂದಿದೀರ."

"ನನ್ನ ತಂಗಿ ಕಾರಿಗೆ ನೀವೇ ತಾನೇ ಟೈರು ಹಾಕಿದ್ದು? ಅದರ ಸದ್ದು ಎಷ್ಟು ಡೆಸಿಬೆಲ್?"

ಅವನು ಗೋಡೆಗೆ ಒರಗಿಸಿದ್ದ ಅದೇ ಜಾತಿಯ ಟೈರೊಂದರ ಚೀಟಿ ತೋರಿಸಿದ. ಎಪ್ಪತ್ತು ಎಂದಿತ್ತು.

"ಅದಕ್ಕಿಂತ ಕಡಿಮೆದು ಕೊಡಿ."

"ಒಂದೆರಡು ಡೆಸಿಬೆಲ್‌ಗೆ ಯಾಕೆ ಮೇಡಂ ಇಷ್ಟೊಂದು..."

"ಕಡಿಮೆದು ಕೊಡಿ ಅಂದ್ನಲ್ಲ."

ಅರವತ್ತೆಂಟರದ್ದು ಸಿಕ್ಕಿತು. ಮೆತ್ತನೆಯ ರಬ್ಬರು, ಸಣ್ಣ ಸಣ್ಣ ಗೀರುಗಳು, ಕೈಯಿಂದ ಒತ್ತಿದರೆ ಬಗ್ಗುವ ಪಕ್ಕೆ. ಬೇಗ ಸವೆಯುತ್ತದೆ ಎಂದು ಅವನು ಎಚ್ಚರಿಸಿದ. ಸವೆಯಲಿ ಬಿಡಿ ಎಂದಳು. ನಾಲ್ಕು ಚಕ್ರವೂ ಕೂತಾಗ ಕಾರು ಮತ್ತೆ ಮೊದಲಿನ ಹಾಗೆ ಸಾಧಾರಣವಾಗಿ ಕಂಡಿತು. ಅವಳು ಆ ಕಡೆ ನೋಡದೆ ದುಡ್ಡು ಎಣಿಸಿಕೊಟ್ಟಳು.

ತನ್ನ ಸರದಿಯ ದಿನ ಮುಂದಿನ ಸೀಟು ಖಾಲಿ ಮಾಡಿ, ಹೊಸ ದಿಂಬು ಇಟ್ಟು, ಅಮ್ಮನಿಗೆ ನೆವ ಹುಡುಕಲು ಬಿಡುವೇ ಕೊಡದೆ ಕೂರಿಸಿಕೊಂಡು ಹೊರಟಳು. ಕಾರು ಹೊರಟಿತೋ ಇಲ್ಲವೋ ಎನ್ನುವ ಹಾಗೆ ಹೊರಟಿತು. ದೊಡ್ಡವಳಿಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಇನ್ನೇನು ಅಮ್ಮನ ಕಣ್ಣು ಮುಚ್ಚುತ್ತದೆ, ಈಗ ತಲೆ ವಾಲುತ್ತದೆ ಎಂದು ಓರೆಗಣ್ಣಿನಿಂದ ಕಾಯುತ್ತಲೇ ಇದ್ದಳು.

ಅಮ್ಮನಿಗೆ ನಿದ್ದೆ ಬರಲಿಲ್ಲ. ಮಾತು ಬಂತು. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿ ದುಡಿದ ಜೀವ, ರೋಗಿಗಳಿಗೆ ಎಚ್ಚರವಾದೀತೆಂದು ಇಳಿಸಿದ ದನಿಯನ್ನು ಮತ್ತೆ ಏರಿಸಿರಲಿಲ್ಲ. ಅಂಗಡಿ ಹೇಗೆ ನಡೀತಿದೆ ಎಂದು ಕೇಳಿದಳು. ದೊಡ್ಡವಳು ಹೇಳಿದಳು. ಅಳಿಯ ಹೇಗಿದ್ದಾನೆ ಎಂದಳು. ಅದಕ್ಕೂ ಹೇಳಿದಳು.

"ಪರವಾಗಿಲ್ವೇ, ಇವತ್ತು ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಿದೀಯ" ಎಂದಳು ಅಮ್ಮ.

"ಯಾಕಮ್ಮ, ಮೊದ್ಲು ಕೊಡ್ತಿರ್ಲಿಲ್ವಾ?"

"ಎಲ್ಲಿ ಕೊಡ್ತಿದ್ದೆ? ಏನ್ ಕೇಳಿದ್ರೂ ಕನ್ನಡೀಲಿ ನೋಡಿ ತಲೆ ಆಡಿಸೋಳು. ಅವತ್ತೂ ಹಾಗೇ ಮಾಡ್ದೆ."

"ಯಾವತ್ತು?"

ಅಮ್ಮ ಶಾಲಿನ ಅಂಚನ್ನು ಸರಿಮಾಡಿಕೊಂಡಳು. "ನಾನೊಬ್ಳೇ ಇದ್ದ ಬಾಡಿಗೆ ಮನೆ ಬಿಡೋ ಮುಂಚೆ. ಇದೇ ರಸ್ತೇಲಿ ಹೋಗ್ತಿದ್ವಿ. ನಿನ್ ಜೊತೆ ಬಂದು ಇರ್ಲಾ ಅಂತ ಕೇಳ್ದೆ. ನೀನು ಕಿಟಕಿ ಏರಿಸ್ಲಾ ಅಂದೆ. ಇಷ್ಟ ಇಲ್ವೇನೋ, ಬಿಡು ಅಂದ್ಕೊಂಡೆ."

ದೊಡ್ಡವಳ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಹಿಂದಿನವನು ಹಾರ್ನ್ ಬಾರಿಸಿದ. ಕಾರನ್ನು ಪಕ್ಕಕ್ಕೆ ತೆಗೆದಳು.

"ಅಮ್ಮ, ನಂಗೆ ಕೇಳಿಸ್ಲೇ ಇಲ್ಲ! ಇನ್ನೊಂದು ಸಲ ಕೇಳೋಕೇನಾಗಿತ್ತು?"

"ಎರಡೆರಡು ಸಲ ಕೇಳೋ ಮಾತೇನೇ ಅದು?"

"ಹಾಗಾದ್ರೆ ಈಗ ಬಾ. ಇವತ್ತೇ ಬಾ."

ಅಮ್ಮ ಅವಳ ಕೈ ಮೇಲೆ ಕೈ ಇಟ್ಟಳು. "ಈಗ ಅಲ್ಲಿ ಹೊಂದ್ಕೊಂಡ್ಬಿಟ್ಟಿದೀನಿ ಮಗಳೇ. ಅವಳಿಗೆ ಏನಂತ ಹೇಳಿ ಬರ್ಲಿ?"

ಡಾಕ್ಟರ ಕೋಣೆಯ ಹೊರಗೆ ಕೂತಷ್ಟು ಹೊತ್ತೂ ದೊಡ್ಡವಳ ತಲೆಯಲ್ಲಿ ಒಂದೇ ಮಾತು ಸುತ್ತಿತು. ಅಮ್ಮ ಮೊದಲು ಕೇಳಿದ್ದು ನನ್ನನ್ನು. ಇಷ್ಟು ವರ್ಷ ತಂಗಿಯ ಮೇಲೆ ಕರುಬಿದ್ದೆಲ್ಲ ದಂಡ, ಗೆದ್ದವಳು ತಾನೇ ಆಗಿದ್ದಳು. ಗೆದ್ದಿದ್ದನ್ನು ಹದಿನೇಳು ಇಂಚಿನ ಚಕ್ರದಡಿ ತಾನೇ ಹಾಕಿ ಅರೆದಿದ್ದಳು. ಅಳು ಬಂತು. ಜೊತೆಗೆ ಒಂದು ಕೆಟ್ಟ ಆಸೆಯೂ ಬಂತು: ಇದನ್ನು ಚಿಕ್ಕವಳಿಗೆ ಹೇಳಲೇಬೇಕು, ಅವಳ ಮುಖ ಬಾಡುವುದನ್ನು ನೋಡಲೇಬೇಕು.

ವಾಪಸು ಬಂದಾಗ ಚಿಕ್ಕವಳು ಗೇಟು ತೆರೆದು ಅಮ್ಮನನ್ನು ಕೈಹಿಡಿದು ಇಳಿಸಿಕೊಂಡಳು. ಅಮ್ಮ ಒಳಗೆ ಹೋಗುವವರೆಗೆ ದೊಡ್ಡವಳು ತಡೆದುಕೊಂಡಳು.

"ನಿಂಗೊಂದು ವಿಷ್ಯ ಗೊತ್ತಾ? ಅಮ್ಮ ಮೊದ್ಲು ಜೊತೆಗಿರ್ತೀನಿ ಅಂತ ಕೇಳಿದ್ದು ನನ್ನನ್ನ."

"ಗೊತ್ತು ಅಕ್ಕ" ಎಂದಳು ಚಿಕ್ಕವಳು. ಅವಳ ಮುಖ ಬಾಡಲಿಲ್ಲ. "ನೀನು ಬೇಡ ಅಂದೆ ಅಂತ ಅವತ್ತು ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಅಳ್ತಾ ಇದ್ಲು. ಅದಕ್ಕೇ ನಾನು ಬಾ ಅಂದಿದ್ದು. ನಿಂಗೆ ಬೇಜಾರಾಗುತ್ತೆ ಅಂತ ಯಾವತ್ತೂ ಕೇಳ್ಲಿಲ್ಲ."

ದೊಡ್ಡವಳು ಕಾರಿನ ಕಡೆ ಕೈ ತೋರಿಸಿದಳು. "ಬೇಡ ಅನ್ಲಿಲ್ಲ ಕಣೇ. ಕೇಳಿಸ್ಲಿಲ್ಲ. ಹಳೇ ಟೈರಿನ ಸದ್ದು."

ಹೇಳಿದ ಮೇಲೆ ಅದು ತನ್ನ ಕಿವಿಗೇ ಕಟ್ಟುಕತೆಯ ಹಾಗೆ ಕೇಳಿಸಿತು. ಚಿಕ್ಕವಳು ಟೈರನ್ನು ನೋಡಿದಳು, ಅಕ್ಕನನ್ನು ನೋಡಿದಳು. ನಂಬಿದಳೋ ಬಿಟ್ಟಳೋ ತಿಳಿಯಲಿಲ್ಲ.

"ಇರ್ಲಿ, ಒಳಗೆ ಬಾ ಅಕ್ಕ" ಎಂದಳು.

ಬಾ ಎನ್ನುವುದು ಅವಳಿಗೆ ಎಷ್ಟು ಸಲೀಸು ಎಂದು ದೊಡ್ಡವಳಿಗೆ ಮತ್ತೆ ಹೊಟ್ಟೆ ಉರಿಯಿತು.